ಸೂಪರ್ ಎನ್ನುವ ಸೀರೆ ಕಾರ್ಖಾನೆ

ನನ್ನ ಗಂಡ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು, ನೇಯುವುದು ಬಿಟ್ಟು, ಮೊಬೈಲ್ ನೋಡಿ ನಗುತ್ತಿದ್ದರು. ನನಗೆ ಸಂಶಯ ಬಂತು. ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ಹಾಗೆ ನಕ್ಕದ್ದನ್ನು ನಾನು ಕಂಡಿಲ್ಲ. ಇಣುಕಿದರೆ ಹೆಂಗಸಲ್ಲ, ಗಿಂಗಸಲ್ಲ; ಸೀರೆ ಕಾರ್ಖಾನೆ ಕಟ್ಟುವ ಒಂದು ಆಟ.

ಹಾಳಾಗಿ ಹೋಗಲಿ ಎಂದು ಬಿಡುತ್ತಿದ್ದೆ. ಆದರೆ ಹದಿನೈದು ದಿನ ಕಳೆಯುವುದರೊಳಗೆ, "ಈ ಮಗ್ಗ ಮಾರಿ ಕುಣಿ ಮುಚ್ಚೂಣು. ಪವರ್‌ಲೂಮ್ ಹಾಕಿದ್ರ ತಾನ ನಡೀತೈತಿ. ಸೋಮವಾರ ಒಬ್ಬಾಂವ ನೋಡಾಕ ಬರ್ತಾನ," ಎಂದರು. ನಾನು ಈ ಮನೆಗೆ ಬಂದ ವಾರಕ್ಕೇ ಅತ್ತೆ ನನ್ನನ್ನು ಕೂರಿಸಿ ಕೆಲಸ ಕಲಿಸಿದ ಮಗ್ಗ ಅದು.

ಅವರು ಊಟಕ್ಕೆ ಕೂತಾಗ ಮೊಬೈಲ್ ಎತ್ತಿಕೊಂಡೆ. ಒತ್ತಿದರೆ ಸಾಕು, ಸೀರೆ ಬೀಳುತ್ತದೆ, ಗಲ್ ಎಂದು ನಾಣ್ಯ ಹಾರುತ್ತದೆ, 'ಸೂಪರ್!' ಎಂದು ಹಳದಿ ಅಕ್ಷರ ಕುಣಿಯುತ್ತದೆ. ಬಣ್ಣ ಚೆಂದ, ಗಿರಾಕಿಗಳ ಗುಂಡುಮುಖ ಚೆಂದ, ಸುಳ್ಳು ಯಾಕೆ ಹೇಳಲಿ. ಆದರೆ ಮೂರು ಅಂಗಡಿ ಪುಗಸಟ್ಟೆ ಏಳುತ್ತವೆ; ನಾಲ್ಕನೆಯದಕ್ಕೆ ಕಾಯಬೇಕು, ಇಲ್ಲವೇ ಜಾಹೀರಾತು ನೋಡಬೇಕು. ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ, ಏನೋ ಉಳಿದಿದೆ ಎಂದು ಸದಾ ಚುಚ್ಚುತ್ತಿರುತ್ತದೆ. ಒಂದು ಎಳೆಯೂ ಹರಿಯುವುದಿಲ್ಲ. ಇಂಥ ಮಗ್ಗ ಎಲ್ಲಿದೆಯಪ್ಪ? ಪರೀಕ್ಷೆ ಮಾಡೋಣವೆಂದು ಹಸಿರು ಕೇಳಿದವಳಿಗೆ ಕೆಂಪು ಸೀರೆ ಕೊಟ್ಟೆ. ಅದಕ್ಕೂ 'ಸೂಪರ್!' ಎಲಾ ಇದರ!

ಆ ನಗು ಎಲ್ಲಿಂದ ಬಂತೆಂದು ಆಗ ತಿಳಿಯಿತು. ಮಗ್ಗದ ಮೇಲಿನ ಬಟ್ಟೆಯನ್ನು ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ಅತ್ತೆ ಹೇಳಿದ್ದರು. ಅದಕ್ಕೇ ನಾನು ಇಷ್ಟು ವರ್ಷ ಬರೀ ತಪ್ಪು ಹುಡುಕಿದ್ದೆ.

ಭಾನುವಾರ ಹೊಸ ಸೀರೆಗೆ ಕೊಂಡಿ ಹಾಕಲು ಕೂತೆವು. ಇಳಕಲ್ ಸೀರೆಗೆ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಒಂದೊಂದನ್ನೂ ಕುಣಿಕೆ ಹಾಕಿ ಕೂಡಿಸುವುದೇ ಕೊಂಡಿ. ಮುಗಿದ ಮೇಲೆ ಎಂದಿನಂತೆ ಬಗ್ಗಿ ನೋಡಿದೆ. ಅಂಚಿನ ಹತ್ತಿರ ಒಂದು ಎಳೆ ಬಿಟ್ಟುಹೋಗಿತ್ತು. ಕಂಡೂ ಕಾಣದವಳಂತೆ, "ಭಾಳ ಛಲೋ ಆಗೇತ್ರಿ," ಎಂದೆ.

ಅವರು ನನ್ನನ್ನು ಕಳ್ಳಿಯನ್ನು ನೋಡುವಂತೆ ನೋಡಿದರು. "ಯಾಕ, ಏನಾಗೇತಿ ನಿನಗ?" ಎಂದು ತಾವೇ ಬೆರಳಾಡಿಸುತ್ತ ಹೋದರು. ಬೆರಳು ಅಲ್ಲೇ ನಿಂತಿತು.

"ಇಲ್ಲೊಂದ ಎಳಿ ಬಿಟ್ಟೇತಿ. ಕಾಣ್ಲಿಲ್ಲೇನು?"

"ಕಂಡೈತ್ರಿ."

"ಮತ್ತ ಛಲೋ ಅಂದಿ?"

"ನಿಮ್ಮ ಮೊಬೈಲೂ ಹಂಗ ಅಂತೈತಲ್ರಿ. ನಿಮಗ ಅದ ಬೇಕಂತ ತಿಳಿದೆ."

ಅವರು ಬಿಟ್ಟ ಎಳೆ ಕೂಡಿಸಿ, ಮೊಬೈಲ್ ಎತ್ತಿ ಸೋಮವಾರದವನಿಗೆ ಬರಬೇಡ ಎಂದರು. ಆಟವನ್ನು ಮಾತ್ರ ಅಳಿಸಿರಲಿಕ್ಕಿಲ್ಲ; ಆ ಅನುಮಾನ ನನಗೆ ಇಂದಿಗೂ ಇದೆ.

"ಇನ್ನೊಮ್ಮೆ ನೋಡು. ಖರೆ ಹೇಳು," ಎಂದರು.

ಅಂಚಿನಿಂದ ಅಂಚಿಗೆ ನೋಡಿದೆ, ಒಂದೊಂದೇ ಎಳೆ. ದೃಷ್ಟಿಯಾದರೆ ಆಗಲಿ.

"ಛಲೋ ಐತ್ರಿ," ಎಂದೆ.

ಅವರು ನಕ್ಕರು.