ಬದುವಿನ ಮೇಲೆ ಹಾಕದ ಕೂಗು

ಈ ಮಾತನ್ನು ನಾನು ಬಹಳ ವರ್ಷ ಮುಂದೂಡುತ್ತ ಬಂದೆ. ಮೊದಲು ಮಳೆಯಾಗಲಿ ಎಂದೆ, ಆಮೇಲೆ ರಾಶಿ ಮುಗಿಯಲಿ ಎಂದೆ, ಆಮೇಲೆ ಮಗಳ ಮದುವೆ ಆಗಲಿ ಎಂದೆ. ಮಳೆಯೂ ಆಯಿತು, ರಾಶಿಯೂ ಮುಗಿಯಿತು, ಈಗ ಮಗಳ ಮಗಳಿಗೇ ಗಂಡು ನೋಡುತ್ತಿದ್ದಾರೆ. ಹೇಳಬೇಕಾದದ್ದು ಮಾತ್ರ ಹೇಳದೆ ಉಳಿಯಿತು. ನಿಮಗೂ ಇಂಥದ್ದೊಂದು ಇದ್ದರೆ ನನ್ನ ಕಷ್ಟ ತಿಳಿದೀತು. ಇಲ್ಲದಿದ್ದರೆ ನೀವು ಪುಣ್ಯವಂತರು.

ಹೋದ ವಾರ ಒಂದು ಮಧ್ಯಾಹ್ನ ಒದ್ದೆ ರುಮಾಲು ತಲೆಗೆ ಸುತ್ತಿಕೊಂಡು ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಬಿಸಿಲು ಬಡಿಯಬಾರದೆಂದು ಅಂಗಿಯ ಕಿಸೆಯಲ್ಲಿ ಒಂದು ಉಳ್ಳಾಗಡ್ಡಿ ಇತ್ತು. ಉಳ್ಳಾಗಡ್ಡಿಗೆ ಅಷ್ಟು ಶಕ್ತಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮಪ್ಪ ಇಟ್ಟುಕೊಳ್ಳುತ್ತಿದ್ದ, ನಾನೂ ಇಟ್ಟುಕೊಳ್ಳುತ್ತೇನೆ. ಅಷ್ಟರಲ್ಲಿ ಕಿಟಕಿಯಿಂದ ಒಣ ಹುಲ್ಲು ಸುಟ್ಟ ವಾಸನೆ ಬಂತು. ಸುಗಂಧಕ್ಕಿಂತ ಇಂಥ ವಾಸನೆಗೇ ನೆನಪು ಜಾಸ್ತಿ. ನಾನು ಎದ್ದು ಕುಳಿತೆ.

ಅದೇ ಹೊತ್ತಿಗೆ ಸೊಸೆ ಮೊಬೈಲು ಹಿಡಿದುಕೊಂಡು ಬಂದಳು. "ಮಾವಾರ, ಮೆಸೇಜ್ ಬಂದದ ನೋಡ್ರಿ. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿಗಿ ಬಿಸಿಗಾಳಿ ಅಂತ. ಮಧ್ಯಾಹ್ನ ಹೊರಗ ಹೋಗಬ್ಯಾಡ್ರಿ, ಹೊಲದಾಗ ಉರಿ ಹಚ್ಚಬ್ಯಾಡ್ರಿ, ಗಾಳಿ ಜೋರದ ಅಂತ ಬರದಾರ."

ಆಳಂದ ನಮ್ಮದು. ಅಫಜಲಪುರದ ಕಡೆ ನನ್ನ ಹೆಂಡತಿಯ ತವರು. ಮಗಳನ್ನು ಕೊಟ್ಟದ್ದು ಜೇವರ್ಗಿ ಸೀಮೆಯ ಇಜೇರಿಗೆ. ಆ ಮೆಸೇಜು ನನ್ನ ಬಳಗವನ್ನೆಲ್ಲ ಹೆಸರು ಹಿಡಿದು ಕರೆದಂತಿತ್ತು. ಕೊನೆಯ ಮಾತು ಮಾತ್ರ ನನಗೊಬ್ಬನಿಗೇ ಹೇಳಿದಂತಿತ್ತು.

ಹಿರೋಳ್ಳಿಯ ದಾರಿಯಲ್ಲಿ ನಮ್ಮ ಹೊಲ. ಕರಿ ಮಣ್ಣಿನ ಎರಿ ನೆಲ, ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ. ಮಳೆಗಾಲಕ್ಕೆ ಹೊಲ ಹದ ಮಾಡುವ ಮೊದಲು ಬದುವಿನ ಒಣ ಹುಲ್ಲಿಗೆ ಉರಿ ಹಚ್ಚುವುದು ನಮ್ಮ ಕಡೆಯ ಹಳೆಯ ರೂಢಿ. ಅದಕ್ಕೊಂದು ಕ್ರಮವಿತ್ತು. ಹೊತ್ತು ಹುಟ್ಟುವ ಮೊದಲು, ಗಾಳಿ ಮಲಗಿರುವಾಗ ಹಚ್ಚಬೇಕು. ಗೋಣಿಚೀಲ ತೋಯಿಸಿ ಕೈಯಲ್ಲಿ ಇಟ್ಟುಕೊಂಡಿರಬೇಕು. ಎಲ್ಲಕ್ಕೂ ಮೊದಲು ಬದುವಿನ ಮೇಲೆ ನಿಂತು ಆಚೆ ಹೊಲದವನಿಗೆ ಕೇಳುವಂತೆ ಕೂಗು ಹಾಕಬೇಕು: "ಉರಿ ಹಚ್ಚಾಕತ್ತೇನೋ!" ಅವನು ಅಲ್ಲಿಂದ "ಹಚ್ಚಪಾ, ನಾ ನೋಡಾಕತ್ತೇನಿ!" ಎಂದ ಮೇಲೆಯೇ ಕಡ್ಡಿ ಗೀರುವುದು. ಜಗಳವಾಡಿ ಮಾತು ಬಿಟ್ಟವರೂ ಈ ಒಂದು ಕೂಗಿಗೆ ಮಾತ್ರ ಉತ್ತರ ಕೊಡುತ್ತಿದ್ದರು. ಕೋರ್ಟಿನಲ್ಲಿ ಎದುರಾಬದುರಾ ನಿಂತ ಅಣ್ಣತಮ್ಮಂದಿರು ಬೆಳಗಿನ ಜಾವ ಬದುವಿನ ಆಚೆ ಈಚೆ ನಿಂತು ಹೀಗೆ ಕೂಗಿಕೊಂಡದ್ದನ್ನು ನಾನೇ ಕೇಳಿದ್ದೇನೆ.

ನನ್ನ ಬದುವಿನ ಆಚೆಯ ಹೊಲದವನು ನನಗಿಂತ ತುಸು ಹಿರಿಯ. ಇಲ್ಲಿ ಅವನ ಹೆಸರು ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಏಕೆಂಬುದು ಕೊನೆಗೆ ತಿಳಿಯುತ್ತದೆ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ, ಅವನ ಹೆಂಡತಿಯನ್ನು ವೈನಿ ಎನ್ನುತ್ತಿದ್ದೆ. ಅಣ್ಣನಿಗೆ ಇದ್ದ ಚಟ ಒಂದೇ, ಬೀಡಿ. ಊಟವಾದ ಮೇಲೆ ತನ್ನ ಮೇವಿನ ಬಣವಿಯ ಹತ್ತಿರದ ಬೇವಿನ ಮರದ ಕೆಳಗೆ ಒಂದು ಬೀಡಿ ಸೇದಿ, ಅಲ್ಲೇ ರುಮಾಲು ಹಾಸಿ ಮಲಗುತ್ತಿದ್ದ.

ಆಗ ನಾನು ಊರಲ್ಲಿ ಓದಿದವನೆಂದು ಹೆಸರಾಗಿದ್ದೆ. ಹತ್ತನೆಯ ಇಯತ್ತೆಯನ್ನು ಎರಡನೆಯ ಸಲಕ್ಕೆ ಪಾಸಾದದ್ದು ಯಾರಿಗೂ ನೆನಪಿರಲಿಲ್ಲ, ನಾನೂ ನೆನಪಿಸಿರಲಿಲ್ಲ. ಬೆಳಿಗ್ಗೆ ಚಹಾದ ಹೋಟೆಲಿನಲ್ಲಿ ಕುಳಿತು ಪೇಪರು ಓದಿ ಎಲ್ಲರಿಗೂ ಅರ್ಥ ಹೇಳುವುದು ನನ್ನ ಉದ್ಯೋಗ. ಆ ದಿನವೂ ಓದಿದೆ. ಬಿಸಿಲು ವಿಪರೀತವಿದೆ, ಬೆಂಕಿಯ ವಿಷಯದಲ್ಲಿ ಜೋಪಾನ ಎಂದು ಪೇಪರಿನಲ್ಲಿ ಬಂದಿತ್ತು. ಅದನ್ನೂ ದನಿ ಏರಿಸಿ ಓದಿ, ಮೇಲೆ ಎರಡು ಮಾತು ಉಪದೇಶ ಸೇರಿಸಿದೆ. ಉಪದೇಶ ಮುಗಿದು ಹೊಲ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು.

ಸುತ್ತಲಿನ ಬದುಗಳೆಲ್ಲ ಆಗಲೇ ಕರ್ರಗಾಗಿದ್ದವು. ನನ್ನದೊಂದೇ ಹಳದಿ ಹುಲ್ಲು ಹೊತ್ತು ನಿಂತಿತ್ತು. ನಾಚಿಕೆಯಾಯಿತು. ಇಷ್ಟು ತಡವಾಗಿ ಕೂಗು ಹಾಕಿದರೆ ಬೇವಿನ ಕೆಳಗೆ ಮಲಗಿದ್ದ ಅಣ್ಣ ಎದ್ದು, "ಏನಲೇ ಪೇಪರ್ ಮಾಸ್ತರ, ಈಗ ಬೆಳಗಾತೇನು ನಿಂಗ?" ಎನ್ನುತ್ತಿದ್ದ. ಆ ಒಂದು ಚೇಷ್ಟೆಯ ಮಾತಿಗೆ ಹೆದರಿ ನಾನು ಕೂಗಲಿಲ್ಲ. ಕಡ್ಡಿ ಗೀರಿದೆ. ಉರಿ ಮೆಲ್ಲಗೆ ಹರಿಯಿತು. ಆಮೇಲೆ ನೆನಪಾಯಿತು, ಗೋಣಿಚೀಲ ತೋಯಿಸಿಲ್ಲ. ಚೀಲ ಎತ್ತಿಕೊಂಡು ಬಾವಿಗೆ ಹೋದೆ.

ಬಾವಿಯಿಂದ ತಲೆ ಎತ್ತಿದಾಗ ಒಂದು ಸುಳಿಗಾಳಿ ಬದುವಿನ ಮೇಲೆ ನಿಂತು ತಿರುಗುತ್ತಿತ್ತು. ಉರಿಯುವ ಹುಲ್ಲನ್ನು ಆಡುವ ಹುಡುಗನಂತೆ ಬಾಚಿ ಎತ್ತಿ, ಅಣ್ಣನ ಬಣವಿಯ ಮೇಲೆ ಎಸೆಯಿತು. ವರ್ಷವೆಲ್ಲ ಎತ್ತುಗಳಿಗೆ ಆಗಬೇಕಾದ ಜೋಳದ ಕಣಿಕಿಯ ಬಣವಿ ಅದು. ನಾನು ತೊಯ್ದ ಚೀಲ ಹಿಡಿದು ಓಡಿದೆ. ಅಣ್ಣ ಗಾಬರಿಯಾಗಿ ಎದ್ದು ನಿಂತಿದ್ದ. ಊರವರು ಕೊಡ ಹೊತ್ತು ಬಂದರು. ಕಣಿಕಿಗೆ ಹತ್ತಿದ ಬೆಂಕಿ ಯಾರ ಮಾತು ಕೇಳುತ್ತದೆ? ಬಣವಿ ಬೂದಿಯಾಯಿತು. ನನ್ನ ಮುಂಗೈ ಕೂದಲು ಸುಟ್ಟಿತು.

ಬೂದಿಯ ಮುಂದೆ ನಿಂತು ವೈನಿ ಗಂಡನ ಕಡೆ ತಿರುಗಿದಳು. "ನಿನ್ನ ಬೀಡಿ ನನ್ನ ಬಣವಿ ತಿಂತಲ್ಲೋ!"

ಅಣ್ಣ ಬೇವಿನ ಬುಡ ನೋಡಿದ, ತನ್ನ ಕೈ ನೋಡಿದ. "ಆರಿಸಿದ್ದೆ ಅನಸ್ತದ" ಎಂದ. ಮತ್ತೊಮ್ಮೆ ಬೇವಿನ ಬುಡ ನೋಡಿ, "ನಂದೇ ಇರಬೇಕು" ಎಂದ.

ಬೆಂಕಿ ಬಣವಿಯಿಂದ ಬದುವಿಗೆ ಇಳಿಯಿತು ಎಂದು ಜನ ತೀರ್ಮಾನಿಸಿದರು. ಬದುವಿನಿಂದ ಬಣವಿಗೆ ಏರಿತು ಎಂದು ಹೇಳಬಲ್ಲವನು ನಾನೊಬ್ಬನೇ. ನಾನು ಕೈಗೆ ಬೆಣ್ಣೆ ಸವರಿಸಿಕೊಳ್ಳುತ್ತ ಕುಳಿತಿದ್ದೆ. ಎಲ್ಲರಿಗಿಂತ ಮೊದಲು ಚೀಲ ತೋಯಿಸಿಕೊಂಡು ಓಡಿದವನೆಂದು ನನ್ನನ್ನು ಹೊಗಳಿದರು. ಅಷ್ಟು ಬೇಗ ಚೀಲ ಹೇಗೆ ತೊಯ್ದಿತ್ತು ಎಂದು ಒಬ್ಬರೂ ಕೇಳಲಿಲ್ಲ.

ಮರುದಿನ ನನ್ನ ಬಣವಿಯ ಅರ್ಧ ಕಣಿಕಿಯನ್ನು ಬಂಡಿಯಲ್ಲಿ ಹೇರಿ ಅವರ ಮನೆಗೆ ಕಳಿಸಿದೆ. ಅಣ್ಣ ನನ್ನ ಎರಡೂ ಕೈ ಹಿಡಿದು ಕಣ್ಣು ತುಂಬಿಕೊಂಡ. ಕೊಡಲೇಬೇಕಾದದ್ದನ್ನು ಕೊಟ್ಟು ದಾನಿ ಎನಿಸಿಕೊಂಡೆ. ಸುಳ್ಳು ಹೇಳಿದವನಿಗೆ ಎಂದಾದರೂ ಬಾಯಿ ತಪ್ಪೀತು. ಸುಮ್ಮನಿದ್ದವನಿಗೆ ಆ ಭಯವೂ ಇಲ್ಲ.

ಅಣ್ಣ ಅಂದೇ ಬೀಡಿ ಬಿಟ್ಟ. ಬೀಡಿಯಷ್ಟೇ ಬಿಟ್ಟಿದ್ದರೆ ಒಳ್ಳೆಯದೇ ಆಯಿತೆಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವನು ಕಡ್ಡಿಪೆಟ್ಟಿಗೆಯನ್ನೇ ಮುಟ್ಟುವುದು ಬಿಟ್ಟ. ದೇವರ ದೀಪ ವೈನಿಯೇ ಹಚ್ಚಬೇಕು, ಒಲೆ ವೈನಿಯೇ ಹಚ್ಚಬೇಕು. ಅವಳು ಹೊಲಕ್ಕೆ ಹೋದಾಗ ಅವನಿಗೆ ಚಹಾ ಬೇಕೆನಿಸಿದರೆ ಹೋಟೆಲಿಗೆ ಬರುತ್ತಿದ್ದ. ಊರಲ್ಲಿ ಅವನ ಹೆಸರು ಗಾದೆಯಾಯಿತು. ಬಣವಿಯ ಹತ್ತಿರ ಯಾರಾದರೂ ಬೀಡಿ ಬಾಯಿಗಿಟ್ಟರೆ, "ಲೇ, ಅವನಂಗ ಮಾಡಬ್ಯಾಡ!" ಆಗ ಹುಟ್ಟಿರದ ಮಕ್ಕಳೂ ಹೀಗೆ ಅನ್ನುತ್ತಿದ್ದರು. ಅವನು ನಗುತ್ತಿದ್ದ.

ಮೆಸೇಜು ಬಂದ ಮರುದಿನ ಬೆಳಿಗ್ಗೆ ಹಣಮಂತದೇವರ ಗುಡಿಯ ಕಟ್ಟೆಯ ಮೇಲೆ ಜನ ಸೇರಿದರು. ನನ್ನ ಮೂಗಿಗೆ ಬಡಿದ ವಾಸನೆ ನಮ್ಮ ಸೀಮೆಯದೇ. ಯಾರೋ ನಡುಹಗಲಿನಲ್ಲಿ ಹಚ್ಚಿದ್ದ ಉರಿಯನ್ನು ದನ ಕಾಯುವವರು ಹೇಗೋ ಬಡಿದು ಆರಿಸಿದ್ದರು. ಈ ಬೇಸಿಗೆ ಯಾರೂ ಬದು ಸುಡುವುದು ಬೇಡ, ಬಣವಿಗಳ ಸುತ್ತ ಕುಂಟಿ ಹೊಡೆದು ಹುಲ್ಲು ಕೆರೆದು ಬರಿ ನೆಲ ಬಿಡೋಣ ಎಂದು ಮಾತಾಯಿತು. ಒಬ್ಬ ಟ್ರ್ಯಾಕ್ಟರು ಕೊಡುತ್ತೇನೆಂದ, ಒಬ್ಬ ನೀರಿನ ಟ್ಯಾಂಕರು ತುಂಬಿಸಿ ನಿಲ್ಲಿಸುತ್ತೇನೆಂದ. ಇಂಥ ಒಗ್ಗಟ್ಟು ನಮ್ಮ ಕಟ್ಟೆಯಲ್ಲಿ ನಾನು ಕಂಡದ್ದು ಕಡಿಮೆ. ಅಷ್ಟರಲ್ಲಿ ಒಬ್ಬ ಚೇಷ್ಟೆಗೆ ಅಂದ: "ಎಲ್ಲಾ ಖರೆ, ಮೊದಲ ಅಣ್ಣಾರ ಕಿಸೇದಾಗ ಬೀಡಿ ಅದೇನು ನೋಡ್ರಿ!"

ಕಟ್ಟೆ ನಕ್ಕಿತು. ಅಣ್ಣನೂ ನಕ್ಕು, ಖಾಲಿ ಕಿಸೆಯನ್ನು ಹೊರಗೆ ತೆಗೆದು ತೋರಿಸಿದ.

ಆ ಖಾಲಿ ಕಿಸೆಯನ್ನು ನನ್ನಿಂದ ನೋಡಲಾಗಲಿಲ್ಲ. ಎದ್ದು ನಿಂತೆ.

"ಆ ಬೆಂಕಿ ಅಣ್ಣಂದಲ್ರೀ. ನಂದು. ನಡು ಮಧ್ಯಾಹ್ನ ಬದುವಿಗಿ ನಾ ಉರಿ ಹಚ್ಚಿದ್ದೆ. ಕೂಗು ಹಾಕಿದ್ದಿಲ್ಲ. ಅಣ್ಣಾ, ತಪ್ಪಾತು. ಇಷ್ಟ ದಿನ ಸುಮ್ನಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು."

ಚೇಷ್ಟೆ ಮಾಡಿದವನು ನೆಲ ನೋಡಿದ. ಅಣ್ಣ ಹೊರಗೆ ಜೋತುಬಿದ್ದ ಕಿಸೆಯನ್ನು ಒಳಗೆ ತೂರಿಸಿದ. ಆಮೇಲೆ ಕೇಳಿದ: "ಯಾಕ ಕೂಗಲಿಲ್ಲೋ?"

"ನೀ ಚೇಷ್ಟೆ ಮಾಡ್ತಿ ಅಂತ."

"ಮಾಡ್ತಿದ್ದೆ" ಎಂದ. "ಖರೇನ ಮಾಡ್ತಿದ್ದೆ." ಆಮೇಲೆ ಕೋಲು ಊರಿ ಎದ್ದ. "ನಡಿ ಮನೀಗಿ. ಇದನ್ನ ನಿಮ್ಮ ವೈನಿ ಮುಂದ ಹೇಳು. ಅಲ್ಲಿ ಹೇಳಿದ್ರ ಹೇಳಿದಂಗ."

ವೈನಿ ನಮ್ಮ ರೂಢಿಯಂತೆ ಮೊದಲು ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಕೊಟ್ಟಳು. ಆಮೇಲೆ ಕೇಳಿಸಿಕೊಂಡಳು. ಕೇಳಿ ಗೋಡೆಗೆ ಒರಗಿ ಕುಳಿತುಬಿಟ್ಟಳು.

"ಇವರಿಗಿ ನಾ ಬೈದದ್ದೆಲ್ಲ ಈಗ ವಾಪಸ್ ತಗೋಬೇಕಲ್ಲ, ಎಲ್ಲಿ ಇಡಲಿ?" ಎಂದಳು ನನಗೆ. "ಎಲ್ಲಾ ತಿರುಗಿ ನಿಮಗ ಬೈಬೇಕಂದ್ರ ನನಗ ಅಷ್ಟು ಉಸರು ಇಲ್ಲರಿ. ಆದರೂ ದಿನಾ ಸ್ವಲ್ಪ ಸ್ವಲ್ಪ ಬೈತೇನಿ. ಬಂದು ಕೇಳಸ್ಕೊಂಡು ಹೋಗ್ರಿ." ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಏನೋ, ನಾನು ದಿಟ್ಟಿಸಲಿಲ್ಲ.

ಇದನ್ನು ಬರೆಯುತ್ತೇನೆಂದು ಅಣ್ಣನಿಗೆ ಹೇಳಿದೆ. "ಬರಿ, ಆದ್ರ ನನ್ನ ಹೆಸರು ಬ್ಯಾಡ" ಎಂದ. "ಬೆಂಕಿ ಜೋಡಿ ನನ್ನ ಹೆಸರು ಇಷ್ಟ ದಿನ ಅಡ್ಡಾಡಿದ್ದು ಸಾಕು." ಅದಕ್ಕೇ ಹೊಡೆದು ಹಾಕಿದೆ.

ಈಗ ಬಣವಿಗಳ ಸುತ್ತ ಕರಿ ನೆಲ ತೆರೆದಿದೆ. ಬಿಸಿಗಾಳಿ ಹಾಗೇ ಬೀಸುತ್ತಿದೆ, ಮಳೆಗಿನ್ನೂ ದಿನಗಳಿವೆ. ನಾನು ದಿನಾ ಬೆಳಿಗ್ಗೆ ಬೈಗುಳ ಕೇಳಲು ಹೋಗುತ್ತೇನೆ. ಇಂದು ಹೋದಾಗ ವೈನಿ ಮನೆಯಲ್ಲಿರಲಿಲ್ಲ. ಅಣ್ಣ ಒಲೆಯ ಮುಂದೆ ಕುಳಿತಿದ್ದ. ಮುಂದೆ ಚಹಾದ ಬೋಗುಣಿ, ಕೈಯಲ್ಲಿ ಕಡ್ಡಿಪೆಟ್ಟಿಗೆ. ಮೊದಲ ಕಡ್ಡಿ ಮುರಿದಿತ್ತು. ನಾನು ನೀರಿನ ಕೊಡ ಹತ್ತಿರ ಎಳೆದುಕೊಂಡು ಹೊಸ್ತಿಲ ಮೇಲೆ ಕುಳಿತೆ.

ಅಣ್ಣ ಓರೆಗಣ್ಣಲ್ಲಿ ಕೊಡ ನೋಡಿದ, ನನ್ನನ್ನು ನೋಡಿದ. ಆಮೇಲೆ ಆಚೆ ಹೊಲದವರಿಗೂ ಕೇಳುವಷ್ಟು ದೊಡ್ಡ ದನಿ ತೆಗೆದು ಕೂಗಿದ: "ಉರಿ ಹಚ್ಚಾಕತ್ತೇನೋ!"

"ಹಚ್ಚೋ ಅಣ್ಣಾ" ಎಂದೆ, "ನಾ ನೋಡಾಕತ್ತೇನಿ."