ಮೀನಿನವರು ಹೊತ್ತ ಕಾಯಿಲೆ

ಅವರ ಮುಂಗೈಗೆ ಒಣಗಿ ಅಂಟಿದ ಮೀನಿನ ಹುರುಪೆ ಬಿಸಿಲಿಗೆ ಮಿರಮಿರ ಹೊಳೆಯುತ್ತಿತ್ತು. ನಾವುಂದದ ನಮ್ಮ ಮನೆಗೆ ಇಪ್ಪತ್ತು ವರ್ಷ ಮೀನು ತಂದವರು. ಈಗ ‘ಅವರು’ ಎಂದು ಬರೆಯುತ್ತಿದ್ದೇನೆ. ಬದುಕಿದ್ದಾಗ ‘ಮೀನಿನವಳು’ ಎನ್ನುತ್ತಿದ್ದೆ.

ಕಾಲೇಜಿಗೆ ಹೋಗುತ್ತಿದ್ದ ನನ್ನ ಮಗಳು ಸೋಮವಾರ ಒಪ್ಪತ್ತು ಶುರು ಮಾಡಿದಳು. ಆಮೇಲೆ ಶನಿವಾರ, ಆಮೇಲೆ ವಾರವಿಡೀ. ನಾನು ಪೆದ್ದಿ, ನೆಂಟರ ಮುಂದೆಲ್ಲ ಅವಳ ಭಕ್ತಿಯನ್ನು ಕೊಚ್ಚಿಕೊಂಡೆ. ಹಿತ್ತಲಲ್ಲಿ ಮೀನು ಕೊಯ್ದು ಕೊಡುತ್ತಿದ್ದ ಅವರು ಒಂದು ದಿನ ನನ್ನನ್ನು ಕರೆದರು.

“ಅಮ್ಮಾ, ಹೆಣ್ಣ್ ಬಾಯಿಗ್ ಬೆರಳ್ ಹಾಕಿ ವಾಂತಿ ಮಾಡತ್ತ್. ಇದ್ ಒಪ್ಪತ್ತಲ್ಲ, ಕಾಯ್ಲೆ.”

“ನಿಂಗೆಂತ ಗೊತ್ತಿತ್? ಮೀನ್ ಕೊಯ್ಯ್” ಎಂದು ಗದರಿದೆ.

ಬೈಂದೂರಿನ ಡಾಕ್ಟರು ಗ್ಯಾಸ್ ಎಂದರು. ಕುಂದಾಪುರದವರು ಟಾನಿಕ್ ಬರೆದು, ಮದುವೆಯಾದರೆ ಸರಿಹೋಗುತ್ತದೆ ಎಂದರು. ವಾಂತಿಯ ವಿಷಯ ನಾನೇ ಮುಚ್ಚಿಟ್ಟಿದ್ದೆ. ಬ್ರಹ್ಮಾವರದವರು ಮಾತ್ರ ಮಗಳನ್ನೇ ಕೇಳಿ ತಿಳಿದುಕೊಂಡು, ಉಡುಪಿಯ ಮನಸ್ಸಿನ ಡಾಕ್ಟರಿಗೆ ಚೀಟಿ ಕೊಟ್ಟರು. ಆ ಚೀಟಿ ಎರಡು ತಿಂಗಳು ಅಕ್ಕಿ ಡಬ್ಬಿಯ ಅಡಿ ಇತ್ತು. ಮಗಳು ಬಚ್ಚಲಲ್ಲಿ ತಲೆ ತಿರುಗಿ ಬಿದ್ದ ದಿನ ಮೀನಿನವರೇ, “ಹೊರಡಿ, ನಾನೂ ಬತ್ತೆ” ಎಂದರು.

ಉಡುಪಿಯಲ್ಲಿ ಮನಸ್ಸಿನ ಡಾಕ್ಟರು ಮಗಳನ್ನು ಒಳಗೆ ಕರೆದಿದ್ದಾಗ, ಹೊರಗೆ ನನ್ನ ಗಂಡನ ಚಿಕ್ಕಮ್ಮ ಎದುರಾದರು. “ಎಂತ ಇಲ್ಲಿ?” ನನ್ನ ಕೈ ತಾನಾಗಿ ಮೀನಿನವರ ಕಡೆ ಹೋಯಿತು. “ಇದ್ಕೆ ತಲಿ ಸಮ ಇಲ್ಲೆ. ಪಾಪ ಅಂದೇಳಿ ಕರ್ಕಂಡ್ ಬಂದೆ.”

ಮೀನಿನವರು ಒಮ್ಮೆ ನನ್ನ ಮುಖ ನೋಡಿದರು. “ಹೌದ್ ಅಮ್ಮಾ, ಬಂಗ್ಡೆ ಮೀನ್ ಕೇಂಡ್ರೆ ಬೈಗೆ ಮೀನ್ ಕೊಡ್ತೆ ಈಗೀಗ” ಎಂದು ಚಿಕ್ಕಮ್ಮನಿಗೆ ಹೇಳಿ ನಕ್ಕರು. ಹಾಗೆ ತೋರಿಸಿದ ಕೈಯನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ನಮ್ಮ ಬಸ್ಸಿಗಿಂತ ಮೊದಲೇ ಸುದ್ದಿ ಊರು ಸೇರಿತ್ತು. ಹುಚ್ಚಿಯ ಕೈಯ ಮೀನು ಬೇಡವೆಂದು ಒಂದೊಂದೇ ಮನೆಯವರು ಅವರನ್ನು ಬಿಟ್ಟರು. ನಾನು ತುಟಿ ಬಿಚ್ಚಲಿಲ್ಲ. ಮಗಳಿಗೆ ಸಂಬಂಧ ನೋಡಬೇಕಿತ್ತು. ಉಂಡ ಮೇಲೆ ಒಂದು ಗಂಟೆ ಅವಳನ್ನು ಒಬ್ಬಳೇ ಬಿಡಬೇಡಿ ಎಂದಿದ್ದರು ಡಾಕ್ಟರು. ನನ್ನನ್ನು ಕಂಡರೆ ಅವಳು ಸಿಡಿಯುತ್ತಿದ್ದಳು. ದಿನವೂ ಹಿತ್ತಲ ಜಗಲಿಯಲ್ಲಿ ಅವಳ ಜೊತೆ ಕೂತು ಹರಟಿದವರು ಅವರೇ. “ವ್ಯಾಪಾರ ಇಲ್ಲೆ ಅಲ್ದಾ ಅಮ್ಮಾ, ಪುರ್ಸೊತ್ತಿತ್” ಎನ್ನುತ್ತಿದ್ದರು. ಒಂದೂವರೆ ವರ್ಷದಲ್ಲಿ ಮಗಳು ಹೊಟ್ಟೆ ತುಂಬ ಉಣ್ಣುವಂತಾದಳು.

ಕಳೆದ ವರ್ಷ ಅವರು ಎದೆನೋವಿನಿಂದ ತೀರಿಕೊಂಡರು. ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವರ ಮಗ ಅಂಗಳದಲ್ಲಿ ಎಲ್ಲರೆದುರು ತಾಯಿಯ ಮಾತೆತ್ತಿ ನನಗೆ ಕೈ ಮುಗಿದ.

“ಅಬ್ಬಿಗೆ ತಲಿ ಸಮ ಇಲ್ದಿಪ್ಪತಿಗೆ ಮದ್ದ್ ಮಾಡ್ಸದ್ದ್ ನೀವೊಬ್ರೇ ಅಮ್ಮಾ.”

ಹೆತ್ತ ಮಗನಿಗೂ ಅವರು ನಿಜ ಹೇಳಿರಲಿಲ್ಲ. ನನ್ನ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಅಷ್ಟಾರೂ ಮಾಡ್ಬೇಕಲ್ದಾ” ಎಂದೆ.