ಕಮಲಾಪುರಕ್ಕೆ ಹೋದ ಕುರ್ಚಿ

ಹೆಣ್ಣು ನೋಡುವ ಕಾರ್ಯಕ್ಕೆ ಹೋಗುವಾಗ ಜನ ಏನೇನು ಒಯ್ಯುತ್ತಾರೆ? ಪೇಢೆ, ಹಣ್ಣು, ಹೂವು. ಬಹಳ ಉತ್ಸಾಹಿಗಳಾದರೆ ಒಂದು ಸೀರೆ.

ನಾನು ಒಯ್ದದ್ದು ಕಮೋಡ್ ಕುರ್ಚಿ.

ನಗಬೇಡಿ. (ಮೊಣಕಾಲು ಗಟ್ಟಿ ಇರುವವರು ನಗಬಹುದು, ಅದು ಅವರ ಹಕ್ಕು.) ಈ ಕುರ್ಚಿ ಏನೆಂದು ಗೊತ್ತಿಲ್ಲದ ಭಾಗ್ಯವಂತರಿಗೆ ಹೇಳಿಬಿಡುತ್ತೇನೆ. ಸ್ಟೀಲಿನ ನಾಲ್ಕು ಕಾಲು, ಎರಡು ಕೈ, ಮೇಲೆ ಪ್ಲಾಸ್ಟಿಕ್ ಸೀಟು, ಸೀಟಿನ ನಡುವೆ ದೊಡ್ಡ ತೂತು, ತೂತಿಗೊಂದು ಮುಚ್ಚಳ. ನೆಲದ ಪಾಯಖಾನೆಯ ಮೇಲೆ ಇದನ್ನು ಇಟ್ಟುಕೊಂಡರೆ ಕುಕ್ಕರಗಾಲಲ್ಲಿ ಕೂರುವ ಕಷ್ಟ ತಪ್ಪುತ್ತದೆ. ಕೂರುವ ಕಷ್ಟವೇನು ಬಂತು? ಕೂರುವುದು ಎಲ್ಲರಿಗೂ ಆಗುತ್ತದೆ. ಏಳುವಾಗ ದೇವರು ನೆನಪಾಗುತ್ತಾನೆ.

ನನ್ನ ಬಲ ಮೊಣಕಾಲು ಒಂದು ವರ್ಷದಿಂದ ಮೆಟ್ಟಿಲು ಕಂಡರೆ ಕಟಕಟ ಅನ್ನುತ್ತಿತ್ತು. ಎಣ್ಣೆ ಹಚ್ಚಿದೆ. ಬೆಲ್ಟ್ ಕಟ್ಟಿದೆ. ವಾಟ್ಸಾಪಿನಲ್ಲಿ ಬಂದ ಕಷಾಯಗಳನ್ನೆಲ್ಲ ಕುಡಿದೆ. ಕೊನೆಗೆ ಹೆಂಡತಿ ಜೇವರ್ಗಿ ಕಾಲೋನಿಯ ನಮ್ಮ ಮನೆಯ ಹತ್ತಿರವೇ ಇರುವ ಎಲುಬಿನ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಅವರು ಎಕ್ಸರೇಯನ್ನು ಬೆಳಕಿಗೆ ಹಿಡಿದು ನೋಡಿದರು.

“ಕೀಲಿನಾಗಿನ ಗಾದಿ ಸವದದ್ರಿ, ಪೂರಾ ಹೋಗಿಲ್ಲ. ಈಗೇ ಆಪರೇಷನ್ ಬ್ಯಾಡ. ತೂಕ ಇಳಸ್ರಿ, ತೊಡಿ ಗಟ್ಟಿ ಆಗೋ ವ್ಯಾಯಾಮ ಮಾಡ್ರಿ, ಕುಕ್ಕರಗಾಲಲೆ ಕೂಡಬ್ಯಾಡ್ರಿ. ಇಷ್ಟೂ ಮಾಡಿ ನೋವು ಹೋಗಲಿಲ್ಲಂದ್ರ ಕೀಲು ಬದಲ್ ಮಾಡೋ ಮಾತು ಆಮ್ಯಾಲ ನೋಡೋಣು.”

ಆಪರೇಷನ್ ಬೇಡ ಎಂಬುದಷ್ಟೇ ನನ್ನ ಕಿವಿಗೆ ಬಿತ್ತು. ಉಳಿದ ಸಲಹೆಗಳಲ್ಲಿ ಅಂಗಡಿಯಲ್ಲಿ ಸಿಗುವಂಥದ್ದು ಯಾವುದೋ ಅದನ್ನು ಮಾತ್ರ ಪಾಲಿಸಿದೆ. ಕುರ್ಚಿ ತಂದೆ. ವ್ಯಾಯಾಮ? ಟವೆಲ್ ಸುತ್ತಿ ಮೊಣಕಾಲ ಕೆಳಗೆ ಇಟ್ಟುಕೊಂಡು ಅಂಗಾತ ಮಲಗಿ, ತೊಡೆ ಬಿಗಿದು ಟವೆಲನ್ನು ಒತ್ತಬೇಕು. ಮಲಗುವವರೆಗೆ ಎಲ್ಲ ಡಾಕ್ಟರು ಹೇಳಿದಂತೆಯೇ ಮಾಡುತ್ತೇನೆ. ಆಮೇಲೆ ಗೊರಕೆ.

ಹೀಗಿರುವಾಗ ಕಮಲಾಪುರದಿಂದ ತಂಗಿ ಶಾಂತಾ ಫೋನ್ ಮಾಡಿದಳು. “ಅಣ್ಣಾ, ಐತವಾರ ಸವಿತಾನ ನೋಡಾಕ ಬರ್ತಾರ. ಹುಡುಗ ಶರಣಸಿರಸಗಿಯಂವ, ನಂದೂರದಾಗ ದಾಲ್ ಮಿಲ್ಲಿನ್ಯಾಗ ಸೂಪರ್‌ವೈಸರ್. ಸ್ವಾದರಮಾವ ನೀ ಇರಲಿಲ್ಲಂದ್ರ ಹೆಂಗ? ಒಂದಿನ ಮೊದಲೇ ಬಾ.”

ಒಂದು ದಿನ ಮೊದಲು ಹೋದರೆ ರಾತ್ರಿ ಉಳಿಯಬೇಕು. ರಾತ್ರಿ ಉಳಿದರೆ ಬೆಳಗಾಗುತ್ತದೆ. ತಂಗಿಯ ಮನೆಯಲ್ಲಿ ಇರುವುದು ನೆಲದ ಪಾಯಖಾನೆ. ನನ್ನ ಸಮಸ್ಯೆ ನಿಮಗೆ ತಿಳಿಯಿತಲ್ಲ?

ಕುರ್ಚಿಯನ್ನು ಹೂವಿನ ಚಿತ್ತಾರದ ಚಾದರದಲ್ಲಿ ಗಟ್ಟಿಯಾಗಿ ಸುತ್ತಿ ಬಸ್ ಹತ್ತಿದೆ. ಕಂಡಕ್ಟರ್ “ಏನ್ರೀ ಕಾಕಾ ಅದು?” ಅಂದ. “ಖುರ್ಚಿ” ಅಂದೆ. ನಿಂತಿದ್ದ ಹೆಣ್ಣುಮಗಳೊಬ್ಬಳು ಥಟ್ಟನೆ, “ಇಳಸ್ರಿ ಮತ್ತ, ಕಮಲಾಪುರ ತನಕ ಅದರ ಮ್ಯಾಲ ಕೂಡ್ತೀನಿ” ಅಂದಳು. “ಬ್ಯಾಡವ್ವಾ, ಕಾರ್ಯದ ಮನಿಗೆ ಒಯ್ಯಾಕತ್ತೀನಿ” ಅಂದು ಅದನ್ನು ತೊಡೆಯ ಮೇಲೆ ಏರಿಸಿಕೊಂಡೆ. ಆಕೆ ನನ್ನನ್ನು ಜಿಪುಣ ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ತಂಗಿಯ ಗಂಡ ಬಸವರಾಜನಿಗಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. “ಸೊಂಟಕ್ಕ ಚಲೋ ಅಂತ ಸ್ಪೆಷಲ್ ಖುರ್ಚಿ” ಅಂದು ನಾನು ಮಲಗುವ ಕೋಣೆಯ ಮೂಲೆಯಲ್ಲಿ ಚಾದರ ಸಮೇತ ಇಟ್ಟೆ. ಅವನು ಗೌರವದಿಂದ ತಲೆಯಾಡಿಸಿದ.

ಇಷ್ಟರ ಮೇಲೆ ನಾನು ಇನ್ನೊಂದು ಘನಕಾರ್ಯ ಮಾಡಿದೆ. ಸಲಹೆ ಕೊಟ್ಟೆ.

ಶಾಂತಾಳ ಮಗಳು ಸವಿತಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಎರಡು ವರ್ಷದ ಹಿಂದೆ ಸ್ಕೂಟಿಯಿಂದ ಬಿದ್ದು ಎಡಗಾಲಿನ ಕಣಕಾಲು ಮುರಿಯಿತು. ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದರು. ನಾನಾಗಿದ್ದರೆ ಟವೆಲ್ ಮೇಲೆ ಮಲಗಿಬಿಡುತ್ತಿದ್ದೆ. ಅವಳು ಹಲ್ಲು ಕಚ್ಚಿ ಫಿಸಿಯೋಥೆರಪಿ ಮುಗಿಸಿ ಮತ್ತೆ ಶಾಲೆಗೆ ಹೋದಳು. ಈಗ ನಡೆಯುತ್ತಾಳೆ, ಗಾಡಿ ಓಡಿಸುತ್ತಾಳೆ. ದಣಿದಾಗ ಮಾತ್ರ ಸ್ವಲ್ಪ ಕುಂಟುತ್ತಾಳೆ.

“ಅದನ್ನ ಈಗೇ ಹೇಳೋದು ಬ್ಯಾಡ” ಅಂದೆ ನಾನು, ಮನೆಯ ಹಿರಿಯ ಬುದ್ಧಿವಂತ. “ಸೀರಿ ಇಳೀಬಿಟ್ಟು ಉಡು. ಸಾವಕಾಶ ನಡಿ. ಒಮ್ಮೆ ಚಹಾ ಕೊಟ್ಟು ಒಳಗ ಹೋಗಿಬಿಡು.”

ಸವಿತಾ ನನ್ನನ್ನೇ ನೋಡಿದಳು. “ಮಾಮಾ, ಕಾಲು ನಂದು. ನಾಚಿಕಿ ನಿಮಗ್ಯಾಕ?”

ಪೇಪರಿನಲ್ಲಿ ವಾರವಾರ ಅಂಕಣ ಬರೆದು ಎಲ್ಲರಿಗೂ ಉತ್ತರ ಕೊಡುವ ನಾನು ಕನ್ನಡಕ ಒರೆಸತೊಡಗಿದೆ. ಶಾಂತಾ ಮಾತ್ರ ನನ್ನ ಪಕ್ಷ ವಹಿಸಿ ಮಗಳನ್ನು ಗದರಿಸಿದಳು. ಈ ಸಂಬಂಧ ತಪ್ಪಿಹೋದೀತೆಂಬ ಹೆದರಿಕೆ ಅವಳ ಮುಖದಲ್ಲೇ ಇತ್ತು.

ಭಾನುವಾರ ಹುಡುಗ ಮಹೇಶ, ಅವನ ಅಪ್ಪ, ಅವ್ವ ಬಂದರು. ತಟ್ಟೆಯಲ್ಲಿ ಚುರುಮುರಿ ಸುಸಲಾ, ಮಿರ್ಚಿ ಭಜಿ, ಪಕ್ಕದಲ್ಲಿ ನಮ್ಮ ಕಮಲಾಪುರದ ಕೆಂಬಾಳೆ ಹಣ್ಣು. ಎಲ್ಲರೂ ಕೂತರು, ಚಹಾ ಕೊಟ್ಟು ಒಳಗೆ ಹೋಗಬೇಕಿದ್ದ ಸವಿತಾ ಕೂಡ. ಹುಡುಗನ ಅವ್ವ ಕೂರಲಿಲ್ಲ. ಸೋಫಾ ನೋಡಿದರು, ಪ್ಲಾಸ್ಟಿಕ್ ಕುರ್ಚಿ ನೋಡಿದರು, “ಇರ್ಲಿ ಬಿಡ್ರಿ, ನಿಂತೇ ಇರ್ತೀನಿ” ಅಂದರು. ಬೀಗತಿ ಆಗಬೇಕಾದವರು ನಿಂತರೆ ಹೇಗೆ? ಒತ್ತಾಯ ಮಾಡಿದಾಗ ಸಂಕೋಚದಿಂದ, “ಸ್ವಲ್ಪ ಎತ್ತರದ್ದು ಇದ್ರ…” ಅಂದರು.

ಬಸವರಾಜನ ಮುಖ ಅರಳಿತು. “ಅಣ್ಣಾರದು ಸ್ಪೆಷಲ್ ಖುರ್ಚಿ ಅದಲ್ಲ!”

ನಾನು ಏಳಬೇಕು. ಓಡಬೇಕು. ತಡೆಯಬೇಕು. ಆದರೆ ನಾನು ಕೂತಿದ್ದು ತಗ್ಗಿನ ಸೋಫಾದಲ್ಲಿ, ನನ್ನ ಮೊಣಕಾಲು ಇಂಥ ಹೊತ್ತಿನಲ್ಲಿ ಯಾವತ್ತೂ ನನ್ನ ಜೊತೆ ಇರುವುದಿಲ್ಲ. ನಾನು ಅರ್ಧ ಏಳುವಷ್ಟರಲ್ಲಿ ಕುರ್ಚಿ ಬಂತು, ಚಾದರದ ಮೇಲೆ ಅವರು ಕೂತೂ ಆಯಿತು. (ನಸುಕಿನಲ್ಲೇ, ಯಾರೂ ಏಳುವ ಮೊದಲು, ತೊಳೆದು ಒರೆಸಿ ಮತ್ತೆ ಚಾದರ ಸುತ್ತಿದ ಕುರ್ಚಿ. ಇಷ್ಟು ಹೇಳಿದರೆ ಸಾಕಲ್ಲ?)

ಚಾದರದ ಒಳಗಿನಿಂದ ಮುಚ್ಚಳ ಟಪ್ ಅಂತು.

ಅವರು ಮೆಲ್ಲಗೆ ಚಾದರದ ಅಂಚು ಎತ್ತಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಸಂಬಂಧ ಮುರಿಯಿತು, ಅದೂ ಕಾಲಿನ ಕಾರಣಕ್ಕಲ್ಲ, ನನ್ನ ಕಮೋಡಿನ ಕಾರಣಕ್ಕೆ, ಅಂದುಕೊಂಡೆ. ತಂಗಿಯ ಮುಖ ನೋಡುವ ಧೈರ್ಯವಾಗಲಿಲ್ಲ.

“ಅಣ್ಣಾರ, ಇದು ನಿಮ್ಮದೇನ್ರಿ?”

“ಹೌದ್ರಿ… ಮೊಣಕಾಲಿಗೆ… ಡಾಕ್ಟರು…”

“ಚಲೋ ಅದ್ರಿ. ನಂದು ಬರೇ ಅಲಗಾಡ್ತದ.”

ಹುಡುಗನ ಅಪ್ಪ ಕೆಮ್ಮಿದರು. “ಆ ಮಾತು ಈಗ್ಯಾಕ?”

“ಯಾಕಂದ್ರ? ಇಡೀ ಊರಿಗೆ ಗೊತ್ತದ, ಇವರಿಗೊಬ್ಬರಿಗೇ ಮುಚ್ಚಿಡೋದೇನು?” ಅಂದು ಆ ತಾಯಿ ನನ್ನ ಕಡೆ ತಿರುಗಿದರು. “ಬಚ್ಚಲದಾಗ ಜಾರಿ ಬಿದ್ದು ಸೊಂಟದ ಕೆಳಗಿನ ಚಪ್ಪಿ ಎಲುಬು ಮುರೀತ್ರಿ. ಕೀಲೇ ಬದಲ್ ಮಾಡ್ಯಾರ. ತಗ್ಗಿನಾಗ ಕೂಡಬ್ಯಾಡ ಅಂದಾರ. ಬರೋ ಸೊಸಿ ನನ್ನ ಚಾಕರಿ ಮಾಡಬೇಕಾಗ್ತದ ಅಂತ ನೀವು ತಿಳೀತೀರಿ ಅಂತ ಇವರಿಗೆ ಅಂಜಿಕಿ.”

ಅಂದರೆ ಆ ಮನೆಯಲ್ಲೂ ನನ್ನಂಥ ಒಬ್ಬ ಬುದ್ಧಿವಂತ ಇದ್ದರು.

ಬುದ್ಧಿವಂತರು ಮಾತು ತಿರುಗಿಸಿದರು. “ಇರ್ಲಿ, ಇರ್ಲಿ. ಹುಡುಗಿ ಒಮ್ಮೆ ಬಾಗಿಲ ತನಕ ನಡೆದು ತೋರಸ್ಲಿ.”

ನಮ್ಮ ಕಡೆ ಇದು ಇನ್ನೂ ಉಳಿದಿದೆ. ಗಣಿತದಲ್ಲಿ ಎಮ್ಮೆಸ್ಸಿ ಮಾಡಿದವಳೂ ನಡೆದು ತೋರಿಸಬೇಕು. ಶಾಂತಾ ಸೆರಗಿನ ತುದಿ ಹಿಂಡುತ್ತಿದ್ದಳು. ಸವಿತಾ ಎದ್ದು ನಿಂತಳು.

“ನಡೀತೀನ್ರಿ. ಮೊದಲ ಇದು ನೋಡ್ರಿ.” ಸೀರೆಯ ನೆರಿಗೆ ಸ್ವಲ್ಪ ಎತ್ತಿ ಕಣಕಾಲಿನ ಹೊಲಿಗೆಯ ಗುರುತು ತೋರಿಸಿದಳು. “ಒಳಗ ಪ್ಲೇಟ್ ಅದ. ಮೆಟ್ಟಲಾ ಇಳಿಯೋವಾಗ ಎಳೀತದ. ದಣದ್ರ ಕುಂಟ್ತೀನಿ. ಈಗ ನಡೀಲೇನ್ರಿ?”

ಅವಳು ಬಾಗಿಲವರೆಗೆ ನಡೆದಳು, ತಿರುಗಿ ಬಂದಳು. ನನ್ನ ಸಲಹೆಯಂತೆ ಸಾವಕಾಶ ಅಲ್ಲ, ಕ್ಲಾಸಿಗೆ ಹೋಗುವ ವೇಗದಲ್ಲಿ. ಬಂದವಳೇ ಮಹೇಶನಿಗೆ, “ಈಗ ನೀವ್ರಿ” ಅಂದಳು.

ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಮಗ ಎದ್ದಿದ್ದ. ಲೆಕ್ಕ ಬಾರದ ಹುಡುಗ ಬೋರ್ಡಿನ ಹತ್ತಿರ ಹೋಗುವಂತೆ ಬಾಗಿಲವರೆಗೆ ಹೋಗಿ ಬಂದ. “ನನ್ನ ಪಾದ ಚಪ್ಪಟ್ ಅದಾವ್ರಿ. ಬಹಳ ಹೊತ್ತು ನಿಂತ್ರ ಹಿಮ್ಮಡ ನೋಯ್ತದ” ಅಂದ. ಅವನ ಅವ್ವ ಕಮೋಡ್ ಕುರ್ಚಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ವಾಪಸು ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ಶುಗರ್ ಎಷ್ಟು, ಬಿಪಿ ಎಷ್ಟು ಎಂದು ಮದುವೆಯ ಊಟದಲ್ಲಿ ನಾವು ಪಕ್ಕದವರಿಗೆ ಕೂಗಿ ಹೇಳುತ್ತೇವೆ. ಕುಂಟುವುದನ್ನು ಮಾತ್ರ ಯಾಕೆ ಬಚ್ಚಿಡುತ್ತೇವೆ? ಎರಡನೆಯ ಸಲ ಹೋದಾಗ ಡಾಕ್ಟರು ಕೋಲು ಹಿಡಿಯಲು ಹೇಳಿ ತಿಂಗಳಾಯಿತು. ನಾನು ಛತ್ರಿ ಹಿಡಿದು ಓಡಾಡುತ್ತೇನೆ. (ಕಲಬುರಗಿಯ ಬಿಸಿಲಿನಲ್ಲಿ ಬಿಚ್ಚದ ಛತ್ರಿ! ಜನ ಏನೂ ಅನ್ನುವುದಿಲ್ಲ, ನೋಡಿ ಮುಗುಳ್ನಗುತ್ತಾರೆ ಅಷ್ಟೇ.) ಮುರಿದದ್ದನ್ನು ಜೋಡಿಸಲು ಡಾಕ್ಟರಿದ್ದಾರೆ, ಸವೆದದ್ದನ್ನು ಬದಲಿಸಲೂ ಇದ್ದಾರೆ. ನಮ್ಮ ಈ ನಾಚಿಕೆಗೆ ಯಾವ ಡಾಕ್ಟರ ಹತ್ತಿರ ಹೋಗಬೇಕು?

ಮೊನ್ನೆ ಶಾಂತಾ ಫೋನ್ ಮಾಡಿದಳು. “ಅಣ್ಣಾ, ಹೂಂ ಅಂದಾರ!” ನಾನು ಸಂತೋಷಪಡುವ ಮೊದಲೇ ದನಿ ತಗ್ಗಿಸಿದಳು. “ಒಂದೇ ಮಾತು. ಸವಿತಾನ ಕಾಲಿನ ಮಾತು ಅವರ ಬಳಗದ ಮುಂದ ತಗೀಬಾರದಂತ. ಹುಡುಗನ ಅಪ್ಪ ಹೇಳ್ಯಾರ. ಇವಳು ಸಿಟ್ಟಾಗ್ಯಾಳ. ನೀ ಸ್ವಲ್ಪ ತಿಳಿಸಿ ಹೇಳು.”

ತಿಳಿಸಿ ಹೇಳಲು ಫೋನ್ ಮಾಡಿದೆ. ಯಾರಿಗೆ ಯಾರು ತಿಳಿಸುವುದು?

“ಮಾಮಾ, ಮಹೇಶ ಅವರಪ್ಪನ ಸಂಗಡ ಜಗಳಾಡಾಕತ್ತಾರ. ಅವರ ಪಾಡಿಗೆ ಅವರು ಆಡ್ಲಿ. ನೀವು ಪೇಪರಿನ್ಯಾಗ ಬರೀತೀರಲ್ಲ? ನನ್ನ ಹೆಸರು ಹಾಕೇ ಬರೀರಿ, ಕಾಲಿಂದು ಎಲ್ಲಾ ಬರೀರಿ. ಬಳಗದವರೆಲ್ಲಾ ಓದ್ಲಿ. ಓದಿದ ಮ್ಯಾಲೂ ಅವರು ಹೂಂ ಅಂದ್ರ, ಆಗ ನಾನೂ ಹೂಂ.” ಫೋನ್ ಇಡುವ ಮೊದಲು ಅಂದಳು, “ಮತ್ತ ನಿಮ್ಮ ಖುರ್ಚಿದೂ ಬರೀಬೇಕು.”

ಎರಡೂ ಬರೆದಿದ್ದೇನೆ. ಬೀಗರೇ, ಓದಿದಿರಲ್ಲ, ಈಗ ಏನಂತೀರಿ?